ಬಾಪಾ ಮೀನಿಗೆ ಹೋಗುವ ಹೊಳೆ

ಸಿದೆಮೆನ್, ಬಾಲಿ
ಬುಧವಾರ, ೧೭ ಮಾರ್ಚ್ ೧೯೯೩

ನನ್ನ ಮುದ್ದು ಲುಹ್,

ಓಂ ಸ್ವಸ್ತ್ಯಸ್ತು. ಮಾತರಂನಲ್ಲಿ ನೀನು ಆರೋಗ್ಯವಾಗಿದ್ದೀಯೆ, ಆಸ್ಪತ್ರೆಯ ಪಾಳಿ ನಿನ್ನನ್ನು ತೀರಾ ಹಿಂಡುತ್ತಿಲ್ಲ ಎಂದುಕೊಂಡಿದ್ದೇನೆ. ಇಲ್ಲಿ ನಾನು, ಬಾಪಾ, ಅಜ್ಜಿ ಮೂವರೂ ಚೆನ್ನಾಗಿದ್ದೇವೆ. ಹೀಗೆ ಬರೆಯುವುದು ವಾಡಿಕೆ, ಬರೆದೆ. ಇದು ಎಷ್ಟರ ಮಟ್ಟಿಗೆ ನಿಜ ಎಂಬುದು ಮುಂದೆ ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ನಿನ್ನ ಪತ್ರ ಗಲುಂಗಾನ್ ಹಬ್ಬಕ್ಕೆ ಮುಂಚೆಯೇ ಬಂದಿತ್ತು. ಹಬ್ಬದ ಕೆಲಸ ಎಂದೆ. ಆಮೇಲೆ ಶಾಲೆಯ ಪರೀಕ್ಷೆ ಎಂದೆ, ಅಜ್ಜಿಯ ಮಂಡಿನೋವು ಎಂದೆ. ಇವೆಲ್ಲ ಇದ್ದದ್ದು ಸುಳ್ಳಲ್ಲ, ಆದರೆ ನಾನು ಬರೆಯದೆ ಉಳಿದದ್ದಕ್ಕೆ ಕಾರಣ ಇವಲ್ಲ. ಇವತ್ತು ಹಬ್ಬದ ಕಾಲ ಮುಗಿಯುವ ದಿನ. ಬೀದಿಯುದ್ದಕ್ಕೂ ಹಬ್ಬದ ಬಿದಿರ ಗಳುಗಳನ್ನು ಇಳಿಸುತ್ತಿದ್ದಾರೆ. ನನಗೂ ಇನ್ನು ನೆಪಗಳು ಉಳಿದಿಲ್ಲ.

ಮೊದಲು ಊರ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಕರಿಹಂದಿ ಮರಿ ಹಾಕಿದೆ. ಅದರಲ್ಲಿ ಒಂದಕ್ಕೆ ಅಜ್ಜಿ ಪಕ್ಕದ ಮನೆ ಮುದುಕಿಯ ಹೆಸರಿಟ್ಟು, ಆ ಮನೆಗೆ ಕೇಳಿಸುವ ಹಾಗೆ ಕೂಗಿ ಕರೆಯುತ್ತಾಳೆ. ಮುಂದಿನ ವಾರ ನ್ಯೆಪಿಯ ಮೌನದ ದಿನ. ಊರ ಹುಡುಗರು ಬಿದಿರು, ಕಾಗದ ಸೇರಿಸಿ ಮೆರವಣಿಗೆಯ ಭೂತ ಕಟ್ಟುತ್ತಿದ್ದಾರೆ. ಈ ಸಲದ ಭೂತದ ಮೂತಿ ನಮ್ಮ ಹೆಡ್‌ಮಾಸ್ಟರರ ಮುಖದ ಹಾಗೇ ಇದೆ ಎಂದು ಊರೆಲ್ಲ ಪಿಸುಗುಡುತ್ತಿದೆ. ಅವರು ಮಾತ್ರ ದಿನಾ ಸಂಜೆ ಹೋಗಿ ನೋಡಿ, ತುಂಬಾ ಚೆನ್ನಾಗಿ ಮೂಡಿಬಂದಿದೆ ಎಂದು ಬೆನ್ನು ತಟ್ಟಿ ಬರುತ್ತಾರೆ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ.

ಗೆದೆ ಅರ್ಸಾನನ ವಿಷಯ ನೀನು ತಿಳಿಸಿದಾಗ ನಾನು ದೊಡ್ಡ ಉತ್ತರ ಬರೆದಿದ್ದೆ. ಹುಡುಗ ಒಳ್ಳೆಯವನು, ಆದರೆ ನೀನು ನಮಗೆ ಒಬ್ಬಳೇ ಮಗಳು, ನೀನು ಮದುವೆಯಾಗಿ ಹೊರಗೆ ಹೋದರೆ ನಮ್ಮ ಮನೆಗುಡಿಯಲ್ಲಿ ಹಿರಿಯರಿಗೆ ಹೂವಿಡುವವರು ಇರುವುದಿಲ್ಲ, ಅವನೇ ಮನೆಅಳಿಯನಾಗಿ ಬರುವುದಾದರೆ ಸಂತೋಷ ಎಂದಿದ್ದೆ. 'ನಿನ್ನ ಬಾಪಾ ಕೂಡ ಹಾಗೇ ಬಂದವರಲ್ಲವೇ, ಅವರಿಗೇನು ಕಡಿಮೆಯಾಗಿದೆ' ಎಂದೂ ಸೇರಿಸಿದ್ದೆ. ಅದಕ್ಕೆ ನೀನು ಬರೆದೆ: "ಮೆಮೆ, ಅವನು ಬರ್ತೀನಿ ಅಂತಾನೆ. ನಗ್ತಾನೇ ಹೇಳ್ತಾನೆ. ಬಾಪಾನೂ ಹೀಗೇ ನಗ್ತಾ ಒಪ್ಪಿದ್ರಾ? ನಮ್ಮ ಮನೇಲಿ ಬಾಪಾ ಸಂತೋಷವಾಗಿದಾರಾ? ಟೀಚರಾಗಿ ಬರೀಬೇಡ, ನನ್ನ ಅಮ್ಮ ಆಗಿ ಬರಿ. ನೀನು ಹೇಳೋದು ಕೇಳಿಯೇ ನಾನು ಅವನಿಗೆ ಹೂಂ ಅಂತೀನಿ."

ಓದಿದ ಕೂಡಲೇ ಕಾಗದ ತೆಗೆದು 'ಬಾಪಾ ಬಹಳ ಸಂತೋಷವಾಗಿದ್ದಾರೆ' ಎಂದು ಬರೆದೆ. ಅಕ್ಷರ ಮುದ್ದಾಗಿಯೇ ಬಂತು. ಮುಂದಿನ ಸಾಲು ಬರಲಿಲ್ಲ. ಒಂದು ಉದಾಹರಣೆಯಾದರೂ ಕೊಡೋಣವೆಂದು ಯೋಚಿಸಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಗದ್ದೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಯಾರೊಂದಿಗೂ ಜಗಳವಿಲ್ಲ. ಅಜ್ಜಿ ಎಷ್ಟು ಚುಚ್ಚಿದರೂ ನಗುತ್ತಾರೆ. ಇವೆಲ್ಲ ಒಬ್ಬ ಒಳ್ಳೆಯ ಬಾಡಿಗೆದಾರನ ಗುಣಗಳಲ್ಲವೇ ಎಂದು ಥಟ್ಟನೆ ಅನ್ನಿಸಿತು. ಪೆನ್ನು ಮುಚ್ಚಿಟ್ಟೆ.

ಅದೇ ವಾರ ಐದನೇ ತರಗತಿಗೆ ಪಂಚ ಸತ್ಯದ ಪಾಠ ಇತ್ತು. ನಾನು ಪ್ರತಿ ವರ್ಷ ಮಾಡುವ ಪಾಠ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಸತ್ಯ ವಚನ, ಆಡುವ ಮಾತಿನಲ್ಲಿ ನಿಜ. ಸತ್ಯ ಸಮಯ, ಕೊಟ್ಟ ಭಾಷೆ ಉಳಿಸಿಕೊಳ್ಳುವುದು. ಸತ್ಯ ಮಿತ್ರ, ಸ್ನೇಹಿತರಿಗೆ ಮೋಸ ಮಾಡದಿರುವುದು. ಸತ್ಯ ಲಕ್ಷಣ, ಮಾಡಿದ್ದಕ್ಕೆ ತಾನೇ ಹೊಣೆಯಾಗುವುದು. ಇವೆಲ್ಲಕ್ಕೂ ಮೊದಲನೆಯದು ಸತ್ಯ ಹೃದಯ, ತನ್ನ ಹೃದಯಕ್ಕೆ ತಾನು ಸುಳ್ಳು ಹೇಳದಿರುವುದು. ನಾಲ್ಕಕ್ಕೆ ಮಕ್ಕಳು ಉದಾಹರಣೆ ಕೊಟ್ಟರು. ಸತ್ಯ ಹೃದಯಕ್ಕೆ ಬಂದಾಗ ಪುಸ್ತಕ ತಿರುವತೊಡಗಿದರು. ಕೊನೆಗೆ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದಳು.

"ನಮ್ಮಮ್ಮ ಮಗ್ಗದ ಮುಂದೆ ಕೂತ್ಕೊಂಡು ನಂಗೇನೂ ಸಿಟ್ಟಿಲ್ಲ ಅಂತಾರೆ ಟೀಚರ್. ಅವತ್ತೆಲ್ಲ ನೂಲು ತುಂಡಾಗ್ತಾನೇ ಇರುತ್ತೆ. ಅದಾ?"

ಮಕ್ಕಳು ನಕ್ಕರು, ನಾನೂ ನಕ್ಕೆ. "ಹೂಂ, ಅದೇ, ಆದರೆ ಅದರ ಉಲ್ಟಾ," ಎಂದೆ. ಮನೆಗೆ ಬರುವ ದಾರಿಯಲ್ಲಿ ನಗು ಇಳಿದುಹೋಗಿತ್ತು.

ಆ ಸಂಜೆಯಿಂದ ಒಂದು ರೂಢಿ ಹಚ್ಚಿಕೊಂಡೆ. ತ್ರಿಸಂಧ್ಯೆಯ ಪ್ರಾರ್ಥನೆಯಲ್ಲಿ ದೇಹದ ತಪ್ಪು, ಮಾತಿನ ತಪ್ಪು, ಮನಸ್ಸಿನ ತಪ್ಪು ಕ್ಷಮಿಸು ಎಂದು ಕೇಳಿಕೊಳ್ಳುತ್ತೇವಲ್ಲ. ಇಷ್ಟು ವರ್ಷ ಆ ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ಗಮನವೆಲ್ಲ ಹಣೆಗೆ ಅಂಟಿಸಿಕೊಳ್ಳುವ ಅಕ್ಕಿಕಾಳಿನ ಮೇಲೆ ಇರುತ್ತಿತ್ತು. ಈಗ ಮೂರನೆಯದರ ಹತ್ತಿರ ನಿಂತುಬಿಡುತ್ತೇನೆ. ಇವತ್ತು ನನಗೆ ನಾನೇ ಹೇಳಿಕೊಂಡ ಸುಳ್ಳು ಯಾವುದು ಎಂದು ಹುಡುಕುತ್ತೇನೆ. ಮೊದಮೊದಲು ಸಿಕ್ಕಿದ್ದೆಲ್ಲ ಪುಡಿ ಪುಡಿ. ಬೀದಿ ಕೊನೆಯ ಮನೆಗೆ ಬಾಳೆಹಣ್ಣು ಕೊಟ್ಟುಬಂದದ್ದು ಪ್ರೀತಿಯಿಂದಲ್ಲ, ಅವರ ಹೊಸ ಟಿ.ವಿ. ನೋಡುವುದಕ್ಕೆ. ಅಜ್ಜಿಯ ಕಾಫಿಗೆ ಸಕ್ಕರೆ ಕಡಿಮೆ ಹಾಕಿದ್ದು ಅವಳ ಆರೋಗ್ಯಕ್ಕಲ್ಲ, ಬೆಳಿಗ್ಗೆ ಅವಳು ನನ್ನ ಅಡುಗೆಯನ್ನು ಹಂಗಿಸಿದ್ದಕ್ಕೆ. ಇಂಥವು ಸಿಕ್ಕಾಗ ಒಂದು ಥರ ಗೆಲುವೂ ಆಗುತ್ತದೆ, ತಲೆಯಲ್ಲಿ ಹೇನು ಸಿಕ್ಕಿದ ಹಾಗೆ. ಸಕ್ಕರೆ ಮತ್ತೆ ಸರಿಯಾಗಿ ಹಾಕಿದೆ.

ಆಮೇಲೆ ಒಂದು ಭಾನುವಾರ ಮೀನು ಸಿಕ್ಕಿತು.

ಬಾಪಾ ಭಾನುವಾರ ಬೆಳಿಗ್ಗೆ ಗಾಳ ಹಿಡಿದು ಉಂದಾ ಹೊಳೆಗೆ ಹೋಗುವುದು ನೀನು ಚಿಕ್ಕವಳಿದ್ದಾಗಿನಿಂದ ನೋಡಿದ್ದೀಯೆ. ಅವರು ತಂದ ಮೀನನ್ನು ಸಾಂಬಾರ ಅರೆದು ಹಚ್ಚಿ, ಬಾಳೆಲೆಯಲ್ಲಿ ಸುತ್ತಿ ಸುಡುತ್ತೇನೆ, ನಾವೆಲ್ಲ ಚಪ್ಪರಿಸಿ ತಿನ್ನುತ್ತೇವೆ. ಆ ದಿನ ಹಿತ್ತಲಲ್ಲಿ ಕೂತು ಮೀನು ಸೀಳುತ್ತಾ ನನ್ನ ಕೈಯನ್ನೇ ನೋಡಿಕೊಂಡೆ. ಕೈಯಲ್ಲಿದ್ದದ್ದು ಬಂಗುಡೆ. ಹೋದ ವಾರ ಸೀಳಿದ್ದೂ ಬಂಗುಡೆ. ಗದ್ದೆಗಳ ನಡುವೆ ಹರಿಯುವ ನಮ್ಮ ಹೊಳೆಯಲ್ಲಿ ಬಂಗುಡೆ ಸಿಗುತ್ತದೆಂದು ವರ್ಷಗಟ್ಟಲೆ ನಂಬಿಕೊಂಡು ಬಂದ ಶಿಕ್ಷಕಿ ಈ ಇಡೀ ಬಾಲಿಯಲ್ಲಿ ನಾನೊಬ್ಬಳೇ ಇರಬೇಕು. ನಂಬಿದ್ದೆ ಎನ್ನುವುದೂ ಸರಿಯಲ್ಲ. ಕೇಳಿರಲಿಲ್ಲ. ಸಂಜೆ ಅವರು ಕಾಲು ತೊಳೆಯುವ ಮುಂಚೆ ಹಿಮ್ಮಡಿಯ ಬಿರುಕುಗಳಲ್ಲಿ ಬಿಳಿ ಗೆರೆ ಎದ್ದಿರುತ್ತಿತ್ತು, ಒಣಗಿದ ಉಪ್ಪು. ಅದನ್ನೂ ನೋಡಿದ್ದೆ. ನೋಡಿ, ಕೆಸರು ಎಂದುಕೊಂಡಿದ್ದೆ.

ನಿನ್ನ ದೊಡ್ಡಪ್ಪನ ಊರಾದ ಕುಸಂಬದಲ್ಲಿ ಉಪ್ಪಿನ ಗದ್ದೆಗಳಿವೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಬಾಪಾ ಹುಟ್ಟಿ ಬೆಳೆದದ್ದು ಅಲ್ಲೇ. ಮದುವೆಯಾದ ಹೊಸದರಲ್ಲಿ ಅವರು ಅಲ್ಲಿಗೆ ಹೋಗಿ ನೀರು ಹೊತ್ತದ್ದು ತಿಳಿದು ನಮ್ಮಪ್ಪ, "ನಮ್ಮ ಮನೆ ಅಳಿಯ ಇನ್ನೊಬ್ಬರ ಮನೇಲಿ ಕೂಲಿ ಮಾಡಿದ ಹಾಗಿರುತ್ತೆ, ಬೇಡ," ಎಂದಿದ್ದರು. ಇನ್ನೊಬ್ಬರ ಮನೆ ಎಂದರೆ ಅವರು ಹುಟ್ಟಿದ ಮನೆ. ಬಾಪಾ ಆಗಲಿ ಎಂದರು. ಗಾಳ ಕೊಂಡುಕೊಂಡದ್ದು ಆ ವರ್ಷವೇ.

ಮೊನ್ನೆ ಭಾನುವಾರ ಅವರು ಹೊರಟ ಮೇಲೆ ನಾನೂ ಹೊರಟೆ. ಬೆನ್ನು ಹತ್ತಿ ಹೋಗಲಿಲ್ಲ. ನ್ಯೆಪಿಗೆ ಸಾಮಾನು ತರುತ್ತೇನೆಂದು ಅಜ್ಜಿಗೆ ಹೇಳಿ ಕ್ಲುಂಗ್‌ಕುಂಗ್ ಸಂತೆಗೆ ಹೋದೆ. ಸಾಮಾನೂ ಕೊಂಡೆ. ಆಮೇಲೆ ಮನೆ ಕಡೆಯ ಬೆಮೊ ಹತ್ತುವ ಬದಲು ಕಡಲ ಕಡೆಯದನ್ನು ಹತ್ತಿದೆ.

ಮಳೆ ಈ ವರ್ಷ ಬೇಗ ಹಿಂದೆ ಸರಿದಿದೆ, ಕಡಲ ದಂಡೆಯ ಕರಿಮರಳನ್ನು ಉಪ್ಪು ತೆಗೆಯಲೆಂದು ಗೀರಿ ಹದ ಮಾಡಿದ್ದರು. ಗುಡಿಸಲ ಮುಂದೆ ಕೂತಿದ್ದ ನಿನ್ನ ದೊಡ್ಡಮ್ಮ ಮೆನ್ ಸುದ್ರಿ ನನ್ನನ್ನು ನೋಡಿ ಎದ್ದು ಬಂದರು.

"ಯಾರಿದು, ಟೀಚರಮ್ಮನಾ? ದಾರಿ ತಪ್ಪಿ ಬಂದ್ರಾ?"

"ದಾರಿ ಸರಿಯಾಗೇ ಇದೆ ಅಕ್ಕ. ನಮ್ಮ ಯಜಮಾನ್ರು ಬ್ಲಿ ಇಲ್ಲಿದಾರಾ?"

"ಇನ್ನೆಲ್ಲಿರ್ತಾನೆ, ಭಾನುವಾರ ಅಲ್ವಾ? ಅಗೋ, ಅಣ್ಣನ ಹತ್ರ ಬೈಸ್ಕೋತಾ ಇದಾನೆ ನೋಡಿ."

ನೋಡಿದೆ. ನಿನ್ನ ಬಾಪಾ ಅಡ್ಡೆಗೆ ಎರಡು ತಾಳೆಗರಿಯ ಕೊಡ ಕಟ್ಟಿ ಅಲೆಗಳಿಂದ ಮೇಲೆ ಬರುತ್ತಿದ್ದರು. ಬಂದು ಮರಳ ಮೇಲೆ ಕಡಲ ನೀರು ಚಿಮುಕಿಸತೊಡಗಿದರು. ಬೆನ್ನು ಬಾಗಿದ ನಿನ್ನ ದೊಡ್ಡಪ್ಪ ಕಾಂತ್ರ ಅವರು ಕೋಲು ಊರಿ ನಿಂತು ಗದರುತ್ತಿದ್ದರು.

"ಏ ತುತ್, ಕಣ್ಣೆಲ್ಲಿಟ್ಟಿದೀಯೋ? ಒಂದೇ ಕಡೆ ಸುರೀತೀಯಲ್ಲೋ, ಹಂದಿಗೆ ಸ್ನಾನ ಮಾಡಿಸ್ತಿದೀಯಾ?"

"ನಿನ್ನ ಮರಳೇ ಸೊಟ್ಟ ಕಣೋ ಮುದುಕ. ಹದ ಮಾಡಕ್ಕೆ ಬರದೋನು ನೀರಿನ ಮೇಲೆ ತಪ್ಪು ಹೊರಿಸ್ತಾನೆ."

"ಬಾಯಿ ಮುಚ್ಕೊಂಡು ಚಿಮುಕಿಸು. ಅಪ್ಪ ಇದ್ದಿದ್ರೆ ಒದೀತಿದ್ದ ನಿನ್ನ."

"ನಿನ್ನ ಮೊದ್ಲು ಒದೀತಿದ್ದ."

ಇಬ್ಬರೂ ನಗುತ್ತಿದ್ದರು. ತುತ್ ಎನ್ನುವುದು ಅವರ ಹುಟ್ಟುಮನೆಯ ಕರೆಹೆಸರು, ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಬಾಪಾ ಹೀಗೆ ಗಂಟಲು ತೆರೆದು ಮಾತಾಡುವುದನ್ನು ನಾನು ಕೇಳಿಯೇ ಇರಲಿಲ್ಲ ಲುಹ್. ನಾನು ಮದುವೆಯಾದ ಮನುಷ್ಯನಿಗೆ ಇಂಥದೊಂದು ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಒಂದು ವಿಷಯ ನೆನೆಸಿಕೊಂಡೆ. ನಮ್ಮ ಮನೆಯಲ್ಲಿ ಅವರನ್ನು ಯಾರೂ ಯಾವತ್ತೂ ಬೈದಿಲ್ಲ. ಅಜ್ಜಿ ಚುಚ್ಚುತ್ತಾಳೆ, ಆದರೆ ಬೈಯುವುದಿಲ್ಲ. ನಾನಂತೂ ದನಿ ಎತ್ತಿದವಳಲ್ಲ. ಅದು ನನ್ನ ದೊಡ್ಡತನ ಎಂದುಕೊಂಡಿದ್ದೆ. ಬಂದ ನೆಂಟರನ್ನು ಯಾರು ಬೈಯುತ್ತಾರೆ ಹೇಳು.

ಮೆನ್ ಸುದ್ರಿ ಎಳನೀರು ಕೊಟ್ಟು ಪಕ್ಕದಲ್ಲಿ ಕೂತರು. ನಾನು ಕೇಳದೆಯೇ ಹೇಳಿದರು. ಗಲುಂಗಾನಿನ ಮಾರನೆಯ ದಿನ ಬಾಪಾ ತಪ್ಪದೆ ಬರುತ್ತಾರಂತೆ. ಅವತ್ತು ಅವರು ಕೋಳಿ ಅಂಕ ನೋಡಲು ಹೋಗಿದ್ದಾರೆಂದು ನಾವು ತಿಳಿದಿರುತ್ತೇವೆ.

"ಮನೆಗುಡಿ ಬಾಗಿಲ ತನಕ ಬರ್ತಾನೆ, ಒಳಗೆ ಕಾಲಿಡಲ್ಲ. ಬಾರೋ, ಇವರೇನು ಬೇರೆಯವರಾ, ನಿಮ್ಮಪ್ಪ ನಿಮ್ಮಜ್ಜನೇ ಅಲ್ವಾ ಅಂತ ನಾನೂ ಎಷ್ಟೋ ಸಲ ಅಂದೆ. ಅಪ್ಪಣೆ ಕೇಳಿ ಬೀಳ್ಕೊಂಡು ಹೋದೋನು ನಾನು, ಸಾಲಲ್ಲಿ ಕೂರೋ ಹಕ್ಕಿಲ್ಲ ಅಂತಾನೆ. ನಮ್ಮ ಪೂಜೆ ಮುಗಿಯೋ ತನಕ ಹೊರಗಡೆ ನಿಂತಿದ್ದು, ಆಮೇಲೆ ಅಂಗಳ ಗುಡಿಸ್ತಾನೆ. ನಾನು ಪೊರಕೆ ಕಿತ್ಕೊಳ್ಳೋದು ಬಿಟ್ಟುಬಿಟ್ಟೆ."

ಅಷ್ಟರಲ್ಲಿ ಬಾಪಾ ನನ್ನನ್ನು ನೋಡಿದರು. ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅಡ್ಡೆ ಇಳಿಸಿ, ಕೈ ಒರೆಸಿಕೊಂಡು ಬಂದರು.

"ಬಂದ್ಯಾ? ಚಪ್ಪಲಿ ಬಿಡಬೇಡ, ಮರಳು ಕಾದಿದೆ," ಎಂದರು.

ಮರಳುವಾಗ ಬೆಮೊದಲ್ಲಿ ಅವರ ಕೈಯಲ್ಲಿ ಗಾಳ, ನನ್ನ ಮಡಿಲಲ್ಲಿ ಎಲೆಯಲ್ಲಿ ಸುತ್ತಿದ ಬಂಗುಡೆ.  ಊರು ಹತ್ತಿರವಾದಾಗ ನಾನೇ, "ಇವತ್ತು ಹೊಳೇಲಿ ಮೀನು ಚೆನ್ನಾಗಿ ಬಿತ್ತಾ?" ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕರು, ಮನೆಯಲ್ಲಿ ನಗುವ ನಗುವಲ್ಲ, ಮರಳಿನ ಮೇಲೆ ಕೇಳಿದ್ದು. ಎದುರಿಗೆ ಕೂತಿದ್ದವರ ಬುಟ್ಟಿಯ ಕೋಳಿ ಕೂಡ ಕತ್ತು ಎತ್ತಿತು.

ಆದರೆ ನಿನ್ನ ಪ್ರಶ್ನೆಯನ್ನು ಅವರಿಗೆ ಇನ್ನೂ ಕೇಳಿಲ್ಲ. ಧೈರ್ಯ ಸಾಲದು. ಕೇಳದೆ ಈ ಪತ್ರ ಅಂಚೆಗೆ ಹಾಕುವುದಿಲ್ಲ. ಸಂಜೆಯ ಹೂವು ಕಟ್ಟಲು ಅಜ್ಜಿ ಕರೆಯುತ್ತಿದ್ದಾಳೆ, ಇಲ್ಲಿಗೆ ನಿಲ್ಲಿಸಿರುತ್ತೇನೆ.

ಗುರುವಾರ, ೨೫ ಮಾರ್ಚ್

ನಿನ್ನೆ ನ್ಯೆಪಿ ಕಳೆಯಿತು. ಅದರ ಹಿಂದಿನ ರಾತ್ರಿ ಭೂತದ ಮೆರವಣಿಗೆ ಚೆನ್ನಾಗಿ ನಡೆಯಿತಂತೆ. ಅದನ್ನು ಸುಡುವಾಗ ಹೆಡ್‌ಮಾಸ್ಟರರ ಹೆಂಡತಿ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದರು ಎಂದು ಅಜ್ಜಿ ವರದಿ ಒಪ್ಪಿಸಿದಳು.

ನ್ಯೆಪಿಯ ದಿನ ನಾನು ಮೌನವ್ರತ ಹಿಡಿಯುವುದು ನಿನಗೆ ಗೊತ್ತು. ಬೆಂಕಿ ಇಲ್ಲ, ಕೆಲಸ ಇಲ್ಲ, ಹೊರಗೆ ಹೆಜ್ಜೆ ಇಡುವಂತಿಲ್ಲ. ಮಾತು ಬಿಡುವುದು ಅವರವರ ಇಷ್ಟ. ನಾನು ಬಿಡುತ್ತೇನೆ, ಮಾರನೆಯ ದಿನ ಶಾಲೆಯಲ್ಲಿ ಅದನ್ನು ಹೇಗಾದರೂ ನಾಲ್ಕು ಜನಕ್ಕೆ ತಿಳಿಸುತ್ತೇನೆ. ಈ ಸಲ ಬೆಳಿಗ್ಗೆ ಕಣ್ಣು ಮುಚ್ಚಿ ಕೂತಾಗ ಹೊಳೆಯಿತು: ತನ್ನನ್ನು ತಾನು ನೋಡಿಕೊಳ್ಳಲೆಂದು ಇರುವ ದಿನ ಇದು. ನಾನು ಕೇಳಬೇಕಾದ ಮಾತೊಂದನ್ನು ಗಂಟಲಲ್ಲಿ ಇಟ್ಟುಕೊಂಡು ಮೌನ ಎಂದು ಕೂತರೆ ಅದು ವ್ರತವಲ್ಲ, ಬಚ್ಚಿಟ್ಟುಕೊಳ್ಳುವುದು.

ಅಜ್ಜಿ ಮಲಗಿದ್ದಳು. ಬಾಪಾ ಜಗಲಿಯ ಮೇಲೆ ಕೂತು ಗದ್ದೆ ನೋಡುತ್ತಿದ್ದರು. ಊರಿಗೆ ಊರೇ ನಿಂತುಹೋಗಿ, ಕಾಲುವೆಯ ನೀರಿನ ಸದ್ದು ಅಂಗಳದೊಳಗೆ ಹರಿಯುತ್ತಿರುವ ಹಾಗೆ ಕೇಳುತ್ತಿತ್ತು. ಪಕ್ಕದಲ್ಲಿ ಹೋಗಿ ಕೂತೆ.

"ಬ್ಲಿ, ಈ ಮನೇಲಿ ನೀವು ಸಂತೋಷವಾಗಿದೀರಾ?"

ಅವರು ನನ್ನ ಕಡೆ ತಿರುಗಿ, "ವ್ರತ ಮುರಿದೆಯಲ್ಲ," ಎಂದರು.

"ಮುರಿದೆ. ಹೇಳಿ."

ಅವರು ಮತ್ತೆ ಗದ್ದೆಯ ಕಡೆ ತಿರುಗಿದರು. ನಾನು ನಡುವೆ ಬಾಯಿ ಹಾಕಲಿಲ್ಲ, ಅದೇ ನನಗೆ ಕಷ್ಟವಾದದ್ದು. ಕೊನೆಗೆ ಹೇಳಿದರು:

"ನಿನ್ನ ಜೊತೆ ಸಂತೋಷವಾಗಿದೀನಿ. ಈ ಮನೇಲಿ ಅಲ್ಲ. ಎರಡೂ ಒಂದೇ ಅಂತ ನೀನು ಅಂದ್ಕೊಂಡಿದ್ದೆ. ನಾನೂ ತಿದ್ದಕ್ಕೆ ಹೋಗ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ಯಾರಾದ್ರೂ ಕೇಳಿದ್ರಾ?"

ಅದರಲ್ಲಿ ಕೊಂಕು ಇರಲಿಲ್ಲ, ಮಳೆ ಬಂತಾ ಎಂದು ಕೇಳಿದ ಹಾಗೆ ಕೇಳಿದರು. ಆಗ ನಿನ್ನ ಪತ್ರದ ವಿಷಯ ಹೇಳಿದೆ. ಅರ್ಸಾನ ನಗುತ್ತಾ ಒಪ್ಪಿದ್ದನ್ನೂ ಹೇಳಿದೆ. ಬಾಪಾ ತಲೆ ಆಡಿಸಿದರು.

"ನಾನೂ ನಗ್ತಾನೇ ಒಪ್ಪಿದೆ. ಇಪ್ಪತ್ತೆರಡು ವರ್ಷದ ಹುಡುಗ, ನಿನ್ನ ಬಿಟ್ಟು ಬೇರೇನೂ ಕಾಣಿಸ್ತಿರ್ಲಿಲ್ಲ. ನಮ್ಮ ಮನೆಗುಡಿ ಮುಂದೆ ಕೂರಿಸಿ ಹಿರಿಯರ ಹತ್ರ ಅಪ್ಪಣೆ ಕೇಳಿಸಿದ್ರಲ್ಲ, ಆಗ ಗೊತ್ತಾಯ್ತು ಏನು ಬಿಡ್ತಾ ಇದೀನಿ ಅಂತ. ಅಷ್ಟೊತ್ತಿಗೆ ನಿಮ್ಮ ಕಡೆಯವರು ಬಂದು ನಿಂತಿದ್ರು, ಎಲ್ರೂ ನಗ್ತಾ ಇದ್ರು. ನಾನೂ ನಕ್ಕೆ. ಆಮೇಲೆ ಅದೇ ಅಭ್ಯಾಸ ಆಯ್ತು."

"ಇವತ್ತು ಕೇಳಿದ್ರೆ ಬರ್ತೀರಾ?"

"ಬರ್ತೀನಿ. ಆದ್ರೆ ಅಳ್ತಾ ಬರ್ತೀನಿ. ನೀನೂ ನೋಡ್ಬೇಕು ಹಾಗೆ."

ಇದು ನಿನ್ನ ಪ್ರಶ್ನೆಗೆ ಉತ್ತರ, ಲುಹ್. ಅವರ ಬಾಯಿಂದ ಬಂದಷ್ಟನ್ನೇ ಬರೆದಿದ್ದೇನೆ, ಸೇರಿಸಿಲ್ಲ.

ಅಜ್ಜಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಲೇ ಇಲ್ಲ. "ಹುಡುಗ ಬರ್ತೀನಿ ಅಂದ್ಮೇಲೆ ಬರ್ಲಿ ಬಿಡು. ನಿನ್ನ ಗಂಡ ಬಂದು ಸತ್ತೋದ್ನಾ?" ಎಂದಳು.

"ಸಾಯ್ಲಿಲ್ಲ ಅಮ್ಮ. ಸಾಯದೆ ಇರೋದೊಂದೇ ಸಾಕಾ?"

"ನಾಳೆ ಹಿರಿಯರಿಗೆ ಹೂವು ಇಡೋರು ಯಾರು?"

"ನಾನಿರೋ ತನಕ ನಾನು. ಆಮೇಲೆ ಗೊತ್ತಿಲ್ಲ."

"ಗೊತ್ತಿಲ್ಲ ಅಂತಾಳೆ, ಮೇಷ್ಟ್ರ ಕೆಲಸ ಬೇರೆ," ಎಂದು ಗೊಣಗಿ ಮತ್ತೆ ಕುಟ್ಟತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಅಂಗಳದಲ್ಲಿ ಬಾಪಾ ಕಾಲಿಗೆ ಸಿಕ್ಕಿಸಿಕೊಂಡು ಹೂವಿನ ಬುಟ್ಟಿ ಉರುಳಿಸಿದರು. ಅಜ್ಜಿ ಒಳಗಿನಿಂದಲೇ, "ಕಣ್ಣು ಕಾಣ್ಸಲ್ವೇನೋ ತುತ್, ಎಮ್ಮೆ ಹಾಗೆ ನಡೀತೀಯಲ್ಲೋ," ಎಂದು ಕೂಗಿದಳು. ಜೀವಮಾನದಲ್ಲಿ ಮೊದಲ ಸಲ ಅವರನ್ನು ಹಾಗೆ ಕರೆದದ್ದು. ಬೇಕೆಂದೇ ಕೂಗಿದಳೋ, ಬಾಯಿ ಜಾರಿತೋ, ಅವಳನ್ನು ಕೇಳುವ ಧೈರ್ಯ ನನಗಿಲ್ಲ. ಬಾಪಾ ಬಗ್ಗಿ ಹೂವು ಆರಿಸುತ್ತಾ ಬಹಳ ಹೊತ್ತು ತಲೆ ಎತ್ತಲಿಲ್ಲ.

ಈಗ ನೀನೇನು ಮಾಡಬೇಕು? ಬಾ ಎಂದೂ, ಹೋಗು ಎಂದೂ ನಾನು ಹೇಳಲಾರೆ. ಅರ್ಸಾನನನ್ನು ಇನ್ನೊಮ್ಮೆ ಕೇಳು. ಸಿನಿಮಾಕ್ಕೆ ಹೋದಾಗಲ್ಲ, ಅವನ ಅಮ್ಮ ಇರುವ ಮನೆಯಲ್ಲಿ, ಅವರ ಮನೆಗುಡಿಯ ಎದುರು ಕೂತು ಕೇಳು. ಅಲ್ಲಿ ಅವನ ಮಾತು ನಿಂತರೆ ನೀನು ತುಂಬಿಸಲು ಹೋಗಬೇಡ, ಕಾಯಿ. ಆಗುವುದಿಲ್ಲ ಎಂದರೆ ನೀನೇ ಅವನ ಮನೆಗೆ ಹೋಗು, ನಮ್ಮ ಹಿರಿಯರ ಹತ್ತಿರ ಅಪ್ಪಣೆ ಕೇಳುವಾಗ ಪಕ್ಕದಲ್ಲಿ ನಾನಿರುತ್ತೇನೆ. ಬಂದೇ ಬರುತ್ತೇನೆ ಎಂದರೆ, ನಮ್ಮ ಮನೆಯಲ್ಲಿ ಅವನನ್ನು ಚೆನ್ನಾಗಿ ಬೈಯುತ್ತೇವೆ ಎಂದು ತಿಳಿಸು. ವರ್ಷಕ್ಕೊಮ್ಮೆ ಅವನ ಹಿರಿಯರ ಅಂಗಳಕ್ಕೆ ನಾವೆಲ್ಲ ಜೊತೆಯಾಗಿ ಹೋಗುತ್ತೇವೆ ಎಂದೂ ತಿಳಿಸು, ಯಾರೂ ಗಾಳ ಹಿಡಿದುಕೊಂಡು ಹೋಗಬೇಕಾಗಿಲ್ಲ.

ನನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತೀಯೆ, ಗೊತ್ತು. ನೀನು ಇಲ್ಲೇ ಇರಬೇಕು ಎಂದಿದೆ. ಹಿರಿಯರ ಪೂಜೆಗಾಗಿ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ, ಅದು ಅರ್ಧ ನಿಜ. ಉಳಿದರ್ಧ, ನೀನಿಲ್ಲದ ಮನೆಯಲ್ಲಿ ಮುದುಕಿಯಾಗಲು ನನಗೆ ಭಯ. ಇದನ್ನು ನೀನು ತಿಳಿದಿರಬೇಕು, ಆದರೆ ಇದರ ಮಾತು ಕೇಳಿ ನಿರ್ಧಾರ ಮಾಡಬೇಡ. ಭಯ ನನ್ನದು, ನಾನೇ ಸಾಕಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಪಾಳಿ ಮುಗಿಸಿ ಒಬ್ಬಳೇ ಬರುವಾಗ ಜನ ಓಡಾಡುವ ದಾರಿಯಲ್ಲಿ ಬಾ. ಅರ್ಸಾನನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ದೇವರು ಹ್ಯಾಂಗ್ ವಿಧಿ ನಿನ್ನನ್ನು ಕಾಯಲಿ, ನಿನ್ನ ಮಾತು ನಿನ್ನ ಎದೆ ಒಂದೇ ದಾರಿಯಲ್ಲಿ ನಡೆಯಲಿ.

ಓಂ ಶಾಂತಿಃ ಶಾಂತಿಃ ಶಾಂತಿಃ ಓಂ.

ನಿನ್ನ ಮೆಮೆ,
ನಿ ಪುತು ಚಂದ್ರಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಓದಿ ನೋಡಿದೆ. ಅವರು ಹೇಳಿದ್ದಷ್ಟನ್ನೂ ಬರೆದಿದ್ದೇನೆ ಎಂಬ ಹಾಗೆ ಮೇಲೆ ಬರೆದುಬಿಟ್ಟಿದ್ದೇನೆ. ಅಷ್ಟೇ ಅಲ್ಲ, ಇನ್ನೂ ಒಂದಿದೆ.

ನಿನಗೆ ನೆನಪಿದೆಯೋ ಇಲ್ಲವೋ, ನಾವಂತೂ ಆ ಮಾತನ್ನು ಎತ್ತಿದ್ದೇ ಇಲ್ಲ. ನಿನ್ನ ಹಿಂದೆ ಒಬ್ಬ ತಮ್ಮ ಹುಟ್ಟಿದ್ದ. ಹೆಸರಿಡುವ ಶಾಸ್ತ್ರಕ್ಕೆ ಮುಂಚೆಯೇ ಜ್ವರ ಬಂದು ಹೋದ. ಅಷ್ಟು ಎಳೆಯ ಮಗುವಿಗೆ ದಹನವಿಲ್ಲ, ಮಣ್ಣು ಮಾಡಿದರು. ನೀನು ಆಗ ಪಕ್ಕದ ಮನೆಯಲ್ಲಿ ಆಡುತ್ತಿದ್ದೆ. ಅವನು ಇದ್ದಿದ್ದರೆ ಇವತ್ತು ನಿನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನಿನ್ನೆ ಬಾಪಾ ಹೇಳಿದರು, ತಾನು ಹಿರಿಯರನ್ನು ಬಿಟ್ಟುಬಂದದ್ದಕ್ಕೇ ಅವರು ಮಗುವನ್ನು ಕರೆದುಕೊಂಡರು ಎಂದು. ಅಂಗಳ ಗುಡಿಸುವುದು ಅದಕ್ಕಂತೆ, ತಪ್ಪಾಯಿತು ಎನ್ನಲು. "ಛೆ, ಅದು ಬರೀ ಜ್ವರ," ಎಂದು ತಕ್ಷಣ ಹೇಳಿದೆ. ಹೇಳಿದ ಮೇಲೆ ನನ್ನೊಳಗೆ ಹುಡುಕಿದೆ. ಒಂದು ಮೂಲೆಯಲ್ಲಿ ನಾನೂ ಅದನ್ನೇ ನಂಬಿಕೊಂಡು ಕೂತಿದ್ದೆ. ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ಅವರಿಗೆ ಅನ್ನ ಬಡಿಸುವಾಗಿನ ನನ್ನ ಆ ಮರ್ಯಾದೆ, ಆ ಎತ್ತದ ದನಿ, ಎಲ್ಲ ಅಲ್ಲಿಂದಲೇ ಬರುತ್ತಿತ್ತು. ಅದನ್ನೂ ಅವರಿಗೆ ಹೇಳಿದೆ. "ಗೊತ್ತಿತ್ತು," ಎಂದರು. ಆಮೇಲೆ ಇಬ್ಬರೂ ಅತ್ತೆವು, ಬೀದಿಗೆ ಕೇಳಿಸದ ಹಾಗೆ, ನ್ಯೆಪಿ ಅಲ್ಲವೇ.

ಅತ್ತು ಮುಗಿದ ಮೇಲೆ ತಿಳಿಯಿತು, ಹೆಸರಿಲ್ಲದೆ ಹೋದ ಆ ಮಗುವಿಗೆ ನಾವಿಬ್ಬರೂ ಒಳಗೊಳಗೇ ಒಂದೊಂದು ಹೆಸರಿಟ್ಟುಕೊಂಡಿದ್ದೆವು. ನಾನು ನಮ್ಮಪ್ಪನ ಹೆಸರನ್ನು ಇಟ್ಟಿದ್ದೆ. ಅವರು ಸೆಗಾರ ಎಂದು ಇಟ್ಟಿದ್ದರು, ಕಡಲು ಎಂದು. ಅವರದೇ ಚೆನ್ನಾಗಿದೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿದೆ.